ಚಾರ್ಜರ್ ಬೇಡವೆಂದ ಐದು ಸೆಲ್ಲುಗಳು

ಕ್ಯಾಮೆರಾದ ಫ್ಲ್ಯಾಶ್‌ಗೆಂದು ಕೊಂಡಿದ್ದ ಎಂಟು ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲುಗಳು ಮೂರು ವರ್ಷ ಮೇಜಿನ ಡ್ರಾಯರಿನಲ್ಲಿ ಬಿದ್ದಿದ್ದವು. ಎಲ್ಲವೂ ಎಎ ಗಾತ್ರದವು, 2000 ಎಂಎಎಚ್ (ಮಿಲಿ ಆಂಪಿಯರ್ ಗಂಟೆ) ಸಾಮರ್ಥ್ಯದವು. ಚಾರ್ಜರ್‌ಗೆ ಹಾಕಿದಾಗ ಅದು ಮೂರನ್ನಷ್ಟೇ ಸ್ವೀಕರಿಸಿತು. ಉಳಿದ ಐದಕ್ಕೆ ಕೆಂಪು ದೀಪ ಮಿನುಗಿಸಿ ಸುಮ್ಮನಾಯಿತು. ಎಸೆಯುವ ಮೊದಲು ಮಲ್ಟಿಮೀಟರ್ ಹಿಡಿದು ನೋಡಿದೆ. ನಾಲ್ಕರಲ್ಲಿ 0.2ರಿಂದ 0.4 ವೋಲ್ಟ್ ಇತ್ತು, ಒಂದರಲ್ಲಿ ಸೊನ್ನೆ. ಈ ಬಗೆಯ ಸೆಲ್ಲಿನ ಸಾಮಾನ್ಯ ವೋಲ್ಟೇಜ್ 1.2. ಅದು ತೀರ ಕುಸಿದಿದ್ದರೆ ಈಗಿನ ಚಾರ್ಜರುಗಳಲ್ಲಿ ಹಲವು ಸೆಲ್ಲು ಕೆಟ್ಟಿದೆಯೆಂದು ತೀರ್ಮಾನಿಸಿ ವಿದ್ಯುತ್ತನ್ನೇ ಹರಿಸುವುದಿಲ್ಲ.

ಹಾಗಾಗಿ ಮೊದಲ ಕೆಲಸ ಚಾರ್ಜರನ್ನು ಒಪ್ಪಿಸುವುದಾಗಿತ್ತು. ಪೂರ್ತಿ ಚಾರ್ಜ್ ಆಗಿದ್ದ ಅದೇ ಬಗೆಯ ಒಂದು ಸೆಲ್ಲನ್ನು ತೆಗೆದುಕೊಂಡು, ಧನ ತುದಿಗೆ ಧನ, ಋಣಕ್ಕೆ ಋಣ ಬರುವಂತೆ, ನಡುವೆ ಕರೆಂಟನ್ನು ಮಿತಿಗೊಳಿಸುವ 1 ಓಮ್‌ನ ದಪ್ಪ ರೆಸಿಸ್ಟರ್ ಇಟ್ಟು ಕುಸಿದ ಸೆಲ್ಲುಗಳಿಗೆ ಒಂದೊಂದಾಗಿ ಜೋಡಿಸಿದೆ. ರೆಸಿಸ್ಟರ್ ಇಲ್ಲದೆ ನೇರವಾಗಿ ತಂತಿ ಹಿಡಿಯುವವರಿದ್ದಾರೆ. ಆಗ ಹರಿಯುವ ಕರೆಂಟಿಗೆ ಲಂಗುಲಗಾಮಿರುವುದಿಲ್ಲವಾದ್ದರಿಂದ ನನಗೆ ಅದು ಸರಿಕಾಣಲಿಲ್ಲ. ಹತ್ತು ನಿಮಿಷದಲ್ಲಿ ನಾಲ್ಕೂ 1 ವೋಲ್ಟ್ ದಾಟಿದವು. ಐದನೆಯದು ತಂತಿ ತೆಗೆದೊಡನೆ ಮತ್ತೆ ಸೊನ್ನೆಗೆ ಇಳಿಯಿತು, ಅಂದರೆ ಅದು ಒಳಗೇ ಶಾರ್ಟ್ ಆಗಿತ್ತು. ಹಳೆಯ ನಿಕಲ್ ಕ್ಯಾಡ್ಮಿಯಂ ಸೆಲ್ಲುಗಳಲ್ಲಿ ಒಳಪದರವನ್ನು ತೂರಿ ಬೆಳೆದು ಇಂಥ ಶಾರ್ಟ್ ಉಂಟುಮಾಡುವ ಲೋಹದ ಎಳೆಗಳನ್ನು, ವಿದ್ಯುತ್ತನ್ನು ಕೂಡಿಟ್ಟು ಒಮ್ಮೆಲೇ ಬಿಡುವ ದೊಡ್ಡ ಕೆಪಾಸಿಟರ್‌ನಿಂದ ಸುಡುವ ಪದ್ಧತಿಯುಂಟು. ಎಳೆ ಸುಟ್ಟರೂ ತೂತು ಉಳಿಯುತ್ತದೆ. ಒಂದು ಸೆಲ್ಲಿಗಾಗಿ ಆ ಸಾಹಸ ಬೇಡವೆನಿಸಿತು.

ಚಾರ್ಜರ್ ಒಪ್ಪಿದ ಮಾತ್ರಕ್ಕೆ ಸಾಮರ್ಥ್ಯ ಮರಳುವುದಿಲ್ಲ. ನಾಲ್ಕನ್ನೂ 200 ಮಿಲಿ ಆಂಪಿಯರ್‌ನಲ್ಲಿ 16 ಗಂಟೆ ನಿಧಾನವಾಗಿ ಚಾರ್ಜ್ ಮಾಡಿ, ಬಳಿಕ ಒಂದೊಂದನ್ನೂ 5 ಓಮ್ ರೆಸಿಸ್ಟರ್ ಮೂಲಕ 1 ವೋಲ್ಟ್‌ಗೆ ಇಳಿಯುವವರೆಗೆ ಖಾಲಿ ಮಾಡಿದೆ. ಹೊಸ ಸೆಲ್ಲಾದರೆ ಇದಕ್ಕೆ ಎಂಟು ಗಂಟೆಯ ಆಸುಪಾಸು ಹಿಡಿಯಬೇಕು. ಮೊದಲ ಸುತ್ತಿನಲ್ಲಿ ಯಾವುದೂ ನಾಲ್ಕು ಗಂಟೆ ದಾಟಲಿಲ್ಲ. ಮೂರನೆಯ ಸುತ್ತಿನ ಹೊತ್ತಿಗೆ ಎರಡು ಆರೂವರೆ ಗಂಟೆಗೆ ಬಂದವು, ಒಂದು ಐದಕ್ಕೆ ನಿಂತಿತು. ನಾಲ್ಕನೆಯದು ಚಾರ್ಜ್ ಆಗುವಾಗ ಉಳಿದವಕ್ಕಿಂತ ಹೆಚ್ಚು ಬಿಸಿಯಾಗುತ್ತಿತ್ತು, ಭಾರ ಬಿದ್ದೊಡನೆ ವೋಲ್ಟೇಜ್ ಕುಸಿಯುತ್ತಿತ್ತು.

ಆಮೇಲೆ ನಾಲ್ಕನ್ನೂ ತುಂಬಿಸಿ ಎರಡು ವಾರ ಮುಟ್ಟದೆ ಇಟ್ಟೆ. ಅವಸರಪಡುವವರು ಬಿಟ್ಟುಬಿಡುವ ಪರೀಕ್ಷೆ ಇದೇ. ಐದು ಗಂಟೆ ನಡೆದಿದ್ದ ಸೆಲ್ಲು ಈ ಅವಧಿಯಲ್ಲಿ ತಾನೇ ತಾನಾಗಿ ಬಹುಪಾಲು ಖಾಲಿಯಾಗಿತ್ತು, ಹಾಗಾಗಿ ಅದನ್ನು ಕೈಬಿಟ್ಟೆ. ಬಿಸಿಯಾಗುತ್ತಿದ್ದದ್ದು ಮಾತ್ರ ಚಾರ್ಜನ್ನು ಚೆನ್ನಾಗಿ ಹಿಡಿದಿಟ್ಟುಕೊಂಡಿತ್ತು. ಅಲ್ಪ ಕರೆಂಟು ಸಾಕಾಗುವ ಗೋಡೆ ಗಡಿಯಾರಕ್ಕೆ ಅದನ್ನು ಹಾಕಿದೆ. ಫ್ಲ್ಯಾಶ್‌ನಲ್ಲಿ ನಾಲ್ಕು ಸೆಲ್ಲುಗಳು ಸಾಲಾಗಿ ಕೂರುವುದರಿಂದ, ಬಡಕಲು ಸೆಲ್ಲೊಂದು ಮೊದಲು ಖಾಲಿಯಾದರೆ ಉಳಿದ ಮೂರು ಅದನ್ನು ತಿರುಗುಮುರುಗಾಗಿ ಚಾರ್ಜ್ ಮಾಡಿ ಹಾಳುಗೆಡವುತ್ತವೆ. ಆದ್ದರಿಂದ ಬದುಕಿದ ಎರಡನ್ನು ಹೊಸ ಸೆಲ್ಲುಗಳೊಡನೆ ಬೆರೆಸದೆ, ಎರಡೇ ಸೆಲ್ಲು ಬೇಡುವ ಟಾರ್ಚಿಗೆ ಜೋಡಿಯಾಗಿ ಮೀಸಲಿಟ್ಟೆ.

ಇದೇ ಹುಮ್ಮಸ್ಸಿನಲ್ಲಿ ಹಳೆಯ ಲ್ಯಾಪ್‌ಟಾಪಿನ ಲಿಥಿಯಂ ಅಯಾನ್ ಸೆಲ್ಲೊಂದನ್ನೂ ಅಳೆದೆ. 1.4 ವೋಲ್ಟ್ ತೋರಿಸಿತು. ಅಷ್ಟು ಕೆಳಗಿಳಿದ ಲಿಥಿಯಂ ಸೆಲ್ಲಿನೊಳಗೆ ತಾಮ್ರದ ಹಾಳೆ ಕರಗಿರುವ ಸಂಭವವಿದೆ. ಮತ್ತೆ ಚಾರ್ಜ್ ಮಾಡಿದರೆ ಆ ತಾಮ್ರ ಬೇಡದ ಕಡೆ ಕೂತು ಶಾರ್ಟ್ ಆಗಿ ಬೆಂಕಿ ಹೊತ್ತಿಕೊಳ್ಳಬಹುದು. ಅದರ ಎರಡು ತುದಿಗೂ ಇನ್ಸುಲೇಷನ್ ಟೇಪ್ ಸುತ್ತಿ, ಕೈಬಿಟ್ಟ ಎರಡು ಸೆಲ್ಲುಗಳ ಜೊತೆಗೆ ಇ-ತ್ಯಾಜ್ಯ ಸಂಗ್ರಹಕ್ಕೆ ಕೊಟ್ಟು ಬಂದೆ.