ಕೈಯಲ್ಲಿ ಕೋವಿ ಇದೆಯಾ?

ಸಬ್‌ಟೈಟಲ್ ಮಾಡುವಾಗ ಇಂಗ್ಲಿಷಿನ ‘ನಿಮ್ರಾಡ್’ ಪದಕ್ಕೆ ‘ಬೇಟೆಗಾರ’ ಅಂತ ಹಾಕಿದ್ದೆ. ಬೈಬಲ್‌ನ ಆದಿಕಾಂಡದ 10ನೇ ಅಧ್ಯಾಯದ ನಿಮ್ರೋದ ಬಲು ದೊಡ್ಡ ಬೇಟೆಗಾರ ತಾನೇ? ಆದರೆ ದೃಶ್ಯದಲ್ಲಿ ತಂಗಿ ಅಣ್ಣನಿಗೆ ಬೈಯುತ್ತಿದ್ದಳು. ಅಲ್ಲಿ ಅದು ‘ಪೆದ್ದ’. ನನ್ನ ಕೂಲಿಯಲ್ಲಿ ಎಂಟುನೂರು ರೂಪಾಯಿ ಹಿಡಿದುಕೊಂಡರು.

ಬೇಟೆಗಾರ ಪೆದ್ದನಾದದ್ದು ಹೇಗೆ? ಎಲ್ಲರ ಬಾಯಲ್ಲೂ ಒಂದೇ ಕತೆ. ಕಾರ್ಟೂನಿನ ಮೊಲ ಬಗ್ಸ್ ಬನ್ನಿ ತನ್ನ ಹಿಂದೆ ಬಿದ್ದ ಬೇಟೆಗಾರ ಎಲ್ಮರ್ ಫಡ್‌ನನ್ನು ಹಾಗೆ ಗೇಲಿ ಮಾಡಿತಂತೆ, ಮಕ್ಕಳು ಅದನ್ನು ಬೈಗುಳ ಅಂದುಕೊಂಡರಂತೆ. ಹಳೇ ಪೇಪರ್ ತಡಕಿ ನೋಡ್ತೀನಿ ಅಂದಾಗ ಜೊತೆಯವರು ನಕ್ಕರು.

ಅಮೆರಿಕದ ಹಳೇ ಪತ್ರಿಕೆಗಳಿಗೆ ಮೂರು ತಿಂಗಳ ಚಂದಾ, ಹತ್ತಿರಹತ್ತಿರ ನಾಲ್ಕು ಸಾವಿರ. ಮೊದಲ ತಿಂಗಳು ದಂಡ. ಅನ್ವೇಷಕ ಶ್ಯಾಕಲ್ಟನ್ 1907ರಲ್ಲಿ ಅಂಟಾರ್ಕ್ಟಿಕಕ್ಕೆ ಹೋದ ‘ನಿಮ್ರಾಡ್’ ಹಡಗು ಸಿಕ್ಕಿತು, ಇಂಗ್ಲಿಷ್ ಸಂಗೀತಗಾರ ಎಲ್ಗರ್‌ನ 1899ರ ‘ನಿಮ್ರಾಡ್’ ಸಂಗೀತ ಸಿಕ್ಕಿತು. ಅದನ್ನು ಅವನು ಬರೆದದ್ದು ಯೇಗರ್ ಅನ್ನುವ ಗೆಳೆಯನಿಗಾಗಿ. ಜರ್ಮನ್‌ನಲ್ಲಿ ಯೇಗರ್ ಅಂದರೂ ಬೇಟೆಗಾರನೇ! ಅದರ ಹಿಂದೆ ಎರಡು ದಿನ ಹೋಯಿತು, ಬೇಜಾರಿಲ್ಲ.

ಆಮೇಲೆ ‘ನಿಮ್ರಾಡ್ಸ್’ ಅಂತ ಬಹುವಚನದಲ್ಲಿ ಹುಡುಕಿದೆ. ಹಡಗು, ಸಂಗೀತ ಎಲ್ಲಾ ಉದುರಿಹೋದವು. ಉಳಿದ ನೂರೈವತ್ತು ಚಿಲ್ಲರೆ ಸಾಲುಗಳನ್ನು ನೋಟ್‌ಬುಕ್ಕಿಗೆ ಇಳಿಸಿದೆ: ಯಾವ ವರ್ಷ, ಯಾರು ಯಾರಿಗೆ ಅಂದರು, ಕೈಯಲ್ಲಿ ಕೋವಿ ಇದೆಯಾ ಇಲ್ಲವಾ. ಕೊನೆಯ ಕಾಲಮ್ಮೇ ಕೆಲಸ ಮಾಡಿದ್ದು. (ಇನ್ನೊಂದು ಕಾಲಮ್ ಇದೆ, ಅದು ನನಗಿರಲಿ.) ಊರಿನ ಪತ್ರಿಕೆಗಳು ಬೇಟೆಗಾರರನ್ನು ಕಿಚಾಯಿಸೋಕೆ ಮೊದಲಿಂದಲೂ ಈ ಪದ ಬಳಸುತ್ತಿದ್ದವು. ಹೊಗಳಿಕೆ ಅಲ್ಲೇ ಅರ್ಧ ಹುಳಿಯಾಗಿತ್ತು.

ಕೋವಿಯಿಲ್ಲದ ನಿಮ್ರಾಡ್ ಸಿಕ್ಕಿದ್ದು 1933ರಲ್ಲಿ ಅಚ್ಚಾದ ಹೆಕ್ಟ್ ಮತ್ತು ಫೌಲರ್‌ರ ನಾಟಕದಲ್ಲಿ. ಅಲ್ಲಿರುವವನು ಹೆಣ್ಣಿನ ಬೆನ್ನುಬಿಡದ ಗಂಡಸು. ನಿಘಂಟಿನವರು ಅದನ್ನು ‘ಪೆದ್ದ’ದ ಲೆಕ್ಕಕ್ಕೆ ಸೇರಿಸುತ್ತಾರೆ, ನನಗೆ ಅದು ಇನ್ನೂ ಬೇಟೆಯ ವಾಸನೆಯೇ. ಏನೇ ಇರಲಿ, ಬಗ್ಸ್ ಬನ್ನಿ ಎಲ್ಮರ್‌ನನ್ನು ಮೊದಲು ಕಾಡಿದ್ದೇ 1940ರಲ್ಲಿ. ಸಾಲದ್ದಕ್ಕೆ, 1948ರ ಕಾರ್ಟೂನಲ್ಲಿ ಎಲ್ಮರ್‌ಗೆ ನಿಮ್ರಾಡ್ ಅಂದದ್ದು ಡ್ಯಾಫಿ ಬಾತುಕೋಳಿ! ನಕ್ಕವರಿಗೆ ಅದರ ತುಣುಕು ಕಳಿಸಿದೆ. ಉತ್ತರ ಬರಲಿಲ್ಲ.

ಸುಮ್ನೆ ಕುಂಭಕರ್ಣನಿಗೂ ಒಂದು ಪುಟ ತೆಗೆದೆ. ರಣರಂಗದಲ್ಲಿ ಸತ್ತ ವೀರ ನಮ್ಮ ಮನೆಗಳಲ್ಲಿ ಎಂಟಾದರೂ ಏಳದ ಮಗ ಆಗಿದ್ದಾನೆ ಅಲ್ವಾ? ಅಲ್ಲಿ ನನ್ನ ಕೋವಿ ಕಾಲಮ್ ಕೈಕೊಟ್ಟಿತು.

ಮೊನ್ನೆ ಇನ್ನೊಂದು ಫೈಲಲ್ಲಿ ಅದೇ ಪದ ಬಂತು. ಕೋವಿ ಇತ್ತು, ಹೊಡೆದದ್ದು ತನ್ನದೇ ಜೀಪಿನ ಟೈರಿಗೆ. ‘ಶಿಕಾರಿ ಶೂರ’ ಅಂತ ಹಾಕಿದೆ. ದುಡ್ಡು ಪೂರ್ತಿ ಬಂತು.