ಗೇಮಿಂಗ್ ಲ್ಯಾಪ್‌ಟಾಪಿಗೆ ಗ್ರಾಫಿಕ್ಸ್ ಒಂದು ಸಾಕಾ, ಎರಡು ಬೇಕಾ?

ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಾಗಲಿ ಮಂಡ್ಯದ ನೂರಡಿ ರಸ್ತೆಯಲ್ಲಾಗಲಿ ಅಂಗಡಿಗೆ ಹೋಗಿ ಗೇಮಿಂಗ್ ಲ್ಯಾಪ್‌ಟಾಪ್ ತೋರಿಸಿ ಅಂದರೆ, "ಸಾರ್, ಇದರಲ್ಲಿ ಡ್ಯುಯಲ್ ಗ್ರಾಫಿಕ್ಸ್ ಇದೆ" ಅನ್ನೋ ಮಾತು ಬಂದೇ ಬರುತ್ತದೆ. ಒಂದಕ್ಕಿಂತ ಎರಡು ಒಳ್ಳೇದೇ ಅಲ್ವಾ ಅಂತ ನಾವೂ ತಲೆ ಆಡಿಸುತ್ತೇವೆ. ಆದರೆ ಅಲ್ಲಿರೋದು ಎರಡು ದೊಡ್ಡ ಕಾರ್ಡಲ್ಲ. ಪ್ರೊಸೆಸರ್ ಒಳಗೇ ಇರೋ ಸಣ್ಣ ಗ್ರಾಫಿಕ್ಸ್ ಒಂದು, ಬೇರೆ ಚಿಪ್ಪಾಗಿ ಕೂತಿರೋ ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ ಇನ್ನೊಂದು. ಗೇಮ್ ಆಡಿಸೋದು ಆರ್‌ಟಿಎಕ್ಸ್ ಮಾತ್ರ. ಎರಡೂ ಸೇರಿ ಒಂದೇ ಗೇಮನ್ನು ಎಳೆಯೋದಿಲ್ಲ.

ನಿಜವಾಗಿ ಎರಡು ದೊಡ್ಡ ಕಾರ್ಡ್ ಇದ್ದ ಲ್ಯಾಪ್‌ಟಾಪ್‌ಗಳೂ ಒಂದು ಕಾಲದಲ್ಲಿ ಬಂದಿದ್ದವು. ಮೊದಲು ಅದನ್ನು ಮುಗಿಸಿಬಿಡೋಣ, ಯಾಕಂದ್ರೆ ಸೆಕೆಂಡ್ ಹ್ಯಾಂಡ್ ಮಾರ್ಕೆಟ್‌ನಲ್ಲಿ ಅವು ಈಗಲೂ ಆಗಾಗ ತಲೆ ಎತ್ತುತ್ತವೆ. ಎರಡು ಕಾರ್ಡ್ ಜೋಡಿಸೋ ಎಸ್‌ಎಲ್‌ಐಯನ್ನು ಎನ್‌ವಿಡಿಯಾ 2004ರಲ್ಲಿ ತಂದಿತು, ಮರುವರ್ಷ ಅದರ ಪ್ರತಿಸ್ಪರ್ಧಿ ಎಟಿಐ ಕ್ರಾಸ್‌ಫೈರ್ ತಂದಿತು. ಆಮೇಲೆ ಲ್ಯಾಪ್‌ಟಾಪಿಗೂ ಅದು ಇಳಿಯಿತು. 2013ರಲ್ಲಿ ಲೆನೊವೊ ವೈ500 ಅಂತ ಒಂದಿತ್ತು, ಡಿವಿಡಿ ಡ್ರೈವ್ ಹಾಕೋ ಜಾಗಕ್ಕೇ ಎರಡನೇ ಕಾರ್ಡ್ ತೂರಿಸಬಹುದಿತ್ತು. 2015ರ ಎಂಎಸ್‌ಐ ಜಿಟಿ80 ಟೈಟನ್‌ನಲ್ಲಿ ಎರಡು ಜಿಟಿಎಕ್ಸ್ 980ಎಂ ಇದ್ದವು, ತೂಕ ನಾಲ್ಕೂವರೆ ಕೆಜಿ. 2017ರ ಏಸರ್ ಪ್ರಿಡೇಟರ್ 21 ಎಕ್ಸ್ ಅಂತೂ ಎಲ್ಲರನ್ನೂ ಮೀರಿಸಿತು: ಎರಡು ಜಿಟಿಎಕ್ಸ್ 1080, 21 ಇಂಚಿನ ಬಾಗಿದ ಪರದೆ, 8 ಕೆಜಿ ಮೀರಿದ ತೂಕ, ಎರಡು ಅಡಾಪ್ಟರ್. ಬೆಳಿಗ್ಗೆ ರೈಲಲ್ಲಿ ಸೀಟು ಸಿಗದೆ ಮಂಡ್ಯದಿಂದ ಮೈಸೂರಿನ ತನಕ ನಿಂತು ಬರೋರು ಇದನ್ನು ಬೆನ್ನಿಗೆ ಹಾಕ್ಕೊಂಡು ಬರೋ ಮಾತೇ ಇಲ್ಲ.

ಅದು ಯಾಕೆ ನಿಂತುಹೋಯಿತು ಅಂದರೆ ತೂಕ ಒಂದೇ ಕಾರಣ ಅಲ್ಲ. ಎಸ್‌ಎಲ್‌ಐಯಲ್ಲಿ ಸಾಮಾನ್ಯವಾಗಿ ಒಂದು ಫ್ರೇಮನ್ನು (ಪರದೆಗೆ ಬರೋ ಒಂದೊಂದು ಚಿತ್ರ) ಮೊದಲ ಕಾರ್ಡ್ ಬಿಡಿಸುತ್ತದೆ, ಮುಂದಿನದನ್ನು ಎರಡನೆಯದು, ಹೀಗೆ ಸರದಿ. ಹೊಲದಲ್ಲಿ ಜೋಡೆತ್ತು ಕಟ್ಟಿದಾಗ ಒಂದು ಬಿರುಸು, ಇನ್ನೊಂದು ನಿಧಾನ ಆದರೆ ಉಳುಮೆ ಹೇಗಿರುತ್ತದೋ ಇದೂ ಹಾಗೇ. ಮೀಟರಲ್ಲಿ ಸೆಕೆಂಡಿಗೆ 90 ಫ್ರೇಮ್ ತೋರಿಸಿದರೂ ಒಂದು ಫ್ರೇಮ್ ಬೇಗ, ಇನ್ನೊಂದು ತಡವಾಗಿ ಬಂದು ಕಣ್ಣಿಗೆ ಜರ್ಕ್ ಹೊಡೆದ ಹಾಗೆ ಕಾಣುತ್ತದೆ. ಇದನ್ನೇ ಮೈಕ್ರೋ ಸ್ಟಟರ್ ಅನ್ನೋದು. ಜೊತೆಗೆ, ಈಗಿನ ಗೇಮ್‌ಗಳು ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ಥರದ್ದಕ್ಕೆಲ್ಲ (ಚಿತ್ರವನ್ನು ಚಿಕ್ಕದಾಗಿ ಬಿಡಿಸಿ ದೊಡ್ಡದು ಮಾಡೋ ತಂತ್ರ) ಹಿಂದಿನ ಫ್ರೇಮಿನ ಮಾಹಿತಿ ಇಟ್ಟುಕೊಂಡು ಮುಂದಿನದನ್ನು ಬಿಡಿಸುತ್ತವೆ. ಹಿಂದಿನ ಫ್ರೇಮ್ ಇನ್ನೊಂದು ಕಾರ್ಡಲ್ಲಿ ಕೂತಿದ್ದರೆ ಅದನ್ನು ಅಲ್ಲಿಂದ ತರಿಸಿಕೊಳ್ಳೋಕೇ ಟೈಮ್ ಹೋಗುತ್ತದೆ, ಎರಡು ಕಾರ್ಡ್ ಹಾಕಿದ ಲಾಭ ಅಲ್ಲೇ ಕರಗುತ್ತದೆ.

ಮೆಮೊರಿ ವಿಷಯದಲ್ಲಿ ಇನ್ನೂ ಜಾಸ್ತಿ ಜನ ಬೇಸ್ತು ಬೀಳುತ್ತಾರೆ. ಎರಡು 8 ಜಿಬಿ ಕಾರ್ಡ್ ಇದ್ದರೆ 16 ಜಿಬಿ ಆಗೋದಿಲ್ಲ. ಎರಡೂ ಕಾರ್ಡ್ ಅದೇ ಟೆಕ್ಸ್ಚರಿನ ಒಂದೊಂದು ಪ್ರತಿ ಇಟ್ಟುಕೊಳ್ಳಬೇಕು, ಹಾಗಾಗಿ ಗೇಮಿಗೆ ಸಿಗೋದು 8 ಜಿಬಿಯೇ. ಇದೆಲ್ಲದರ ಮೇಲೆ ಒಂದೊಂದು ಗೇಮಿಗೂ ಡ್ರೈವರ್‌ನಲ್ಲಿ ಪ್ರೊಫೈಲ್ ಬೇಕಿತ್ತು. ಆರ್‌ಟಿಎಕ್ಸ್ 20 ಸರಣಿ ಮತ್ತು ಅದಕ್ಕಿಂತ ಹಳೆಯ ಕಾರ್ಡ್‌ಗಳಿಗೆ 2021ರ ಜನವರಿ 1ರಿಂದ ಹೊಸ ಎಸ್‌ಎಲ್‌ಐ ಪ್ರೊಫೈಲ್ ಮಾಡೋದಿಲ್ಲ ಅಂತ ಎನ್‌ವಿಡಿಯಾನೇ ಹೇಳಿಬಿಟ್ಟಿತು. ಪ್ರೊಫೈಲ್ ಇಲ್ಲದ ಗೇಮಲ್ಲಿ ಎರಡನೇ ಕಾರ್ಡ್ ಸುಮ್ನೆ ಕೂತಿರುತ್ತದೆ.

ಆದ್ದರಿಂದ ಯಾರಾದರೂ "ಎರಡು 980ಎಂ ಇದೆ, ಕಡಿಮೆ ರೇಟಿಗೆ ಕೊಡ್ತೀನಿ, ತಗೋ ಮಗಾ" ಅಂದರೆ ಬೇಡ ಅನ್ನಿ. 980ಎಂ ಸೇರಿರೋ ಮ್ಯಾಕ್ಸ್‌ವೆಲ್ ಮತ್ತು ಅದರ ನಂತರದ ಪ್ಯಾಸ್ಕಲ್ ಕಾರ್ಡ್‌ಗಳಿಗೆ ಹೊಸ ಗೇಮ್‌ಗೆ ತಕ್ಕ ಡ್ರೈವರ್ ಬರೋದು 2025ರ ಅಕ್ಟೋಬರಿಗೆ ಮುಗಿಯಿತು, ಇನ್ನು ಬರೋದು ಸೆಕ್ಯುರಿಟಿ ಅಪ್‌ಡೇಟ್ ಮಾತ್ರ. ವಿಂಡೋಸ್ 11 ಇಂಟೆಲ್ 8ನೇ ಜನರೇಶನ್‌ಗಿಂತ ಹಳೇ ಪ್ರೊಸೆಸರನ್ನು ಅಧಿಕೃತವಾಗಿ ಒಪ್ಪೋದೂ ಇಲ್ಲ. ಅದರ ಅಡಾಪ್ಟರ್ ಸುಟ್ಟರೆ, ಫ್ಯಾನ್ ನಿಂತರೆ ಬಿಡಿಭಾಗ ಹುಡುಕೋ ಕಥೆ ಬೇರೆ.

ಸರಿ, ಈಗಿನ ಲ್ಯಾಪ್‌ಟಾಪಿಗೆ ಬರೋಣ. ಇವತ್ತು ಒಂದಾ ಎರಡಾ ಅನ್ನೋ ಪ್ರಶ್ನೆಯ ನಿಜವಾದ ರೂಪ ಇಷ್ಟೇ: ಆರ್‌ಟಿಎಕ್ಸ್ ಜೊತೆಗೆ ಪ್ರೊಸೆಸರಲ್ಲೂ ಒಂದು ಸಣ್ಣ ಗ್ರಾಫಿಕ್ಸ್ ಇರಬೇಕಾ, ಬೇಡವಾ? ಇಲ್ಲದಿರೋ ಮಾಡೆಲ್‌ಗಳು ನಮ್ಮಲ್ಲಿ ಮಾರಾಟದಲ್ಲಿವೆ. ಬಜೆಟ್ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಕಾಣೋ ರೈಜೆನ್ 7 7435ಎಚ್‌ಎಸ್ ಅನ್ನೇ ನೋಡಿ, 8 ಕೋರ್ ಇರೋ ಗಟ್ಟಿ ಪ್ರೊಸೆಸರ್, ಆದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಅಂದರೆ ನೀವು ಪಿಡಿಎಫ್ ಓದುತ್ತಿದ್ದರೂ, ಯೂಟ್ಯೂಬ್ ನೋಡುತ್ತಿದ್ದರೂ ಆರ್‌ಟಿಎಕ್ಸ್ ಎದ್ದೇ ಇರಬೇಕು. ಬ್ಯಾಟರಿ ಬೇಗ ಇಳಿಯುತ್ತದೆ.

ಆದರೂ ಅದು ಕೆಟ್ಟದ್ದು ಅಂತ ನಾನು ಹೇಳೋದಿಲ್ಲ. ಲ್ಯಾಪ್‌ಟಾಪ್ ಮನೆಯ ಟೇಬಲ್ ಬಿಟ್ಟು ಕದಲೋದಿಲ್ಲ, ಚಾರ್ಜರ್ ಯಾವಾಗಲೂ ಚುಚ್ಚಿರುತ್ತದೆ ಅಂದರೆ ಅದೇ ದುಡ್ಡಿಗೆ ಗಟ್ಟಿ ಸಿಪಿಯು ಸಿಗುತ್ತದೆ, ಚಿತ್ರವೂ ಆರ್‌ಟಿಎಕ್ಸ್‌ನಿಂದ ನೇರವಾಗಿ ಪರದೆಗೆ ಹೋಗುತ್ತದೆ, ಯಾವ ತಲೆನೋವೂ ಇಲ್ಲ. ಅದೇ ನೀವು ಎಂಜಿನಿಯರಿಂಗ್ ಓದುತ್ತಾ ಬೆಳಿಗ್ಗೆ ಕ್ಲಾಸು, ಮಧ್ಯಾಹ್ನ ಲ್ಯಾಬು, ಸಂಜೆ ಪೀಜಿಗೆ ಹೋಗಿ ಗೇಮು ಅನ್ನೋರಾದರೆ, ಕ್ಲಾಸಲ್ಲಿ ಪ್ಲಗ್ ಪಾಯಿಂಟ್ ಇರೋದು ಗೋಡೆ ಪಕ್ಕದ ಬೆಂಚಿಗೆ ಮಾತ್ರ ಅನ್ನೋದು ನಿಮಗೇ ಗೊತ್ತು. ನಿಮಗೆ ಎರಡೂ ಇರೋ ಲ್ಯಾಪ್‌ಟಾಪೇ ಸರಿ. ಬರೀ ವ್ಯಾಲೊರಂಟ್ ಆಡೋರು, ಹಳೇ ಗೇಮ್ ಆಡೋರು ಆರ್‌ಟಿಎಕ್ಸ್ ಇಲ್ಲದೇನೂ ಬದುಕಬಹುದು. ರೇಡಿಯಾನ್ 780ಎಂ ಥರದ ಒಳ್ಳೇ ಒಳಗಿನ ಗ್ರಾಫಿಕ್ಸ್ ಇದ್ದು, ರ‍್ಯಾಮ್ ಎರಡು ಚಾನೆಲಲ್ಲಿ (ಸಾಮಾನ್ಯವಾಗಿ ಒಂದರ ಬದಲು ಎರಡು ಸ್ಟಿಕ್) ಇದ್ದರೆ ಅಷ್ಟಕ್ಕೆ ಸಾಕು. ಒಂದೇ ಚಾನೆಲ್ ಆದರೆ ಒಳಗಿನ ಗ್ರಾಫಿಕ್ಸ್ ಉಸಿರುಗಟ್ಟುತ್ತದೆ, ಅದಕ್ಕೆ ತನ್ನದೇ ಮೆಮೊರಿ ಇಲ್ಲ, ರ‍್ಯಾಮನ್ನೇ ಹಂಚಿಕೊಳ್ಳಬೇಕು.

ಎರಡೂ ಇರೋ ಲ್ಯಾಪ್‌ಟಾಪ್ ತಗೊಳ್ಳೋರು ಮಕ್ಸ್ ಸ್ವಿಚ್ ಇದೆಯಾ ಅಂತ ಕೇಳಲೇಬೇಕು. ಎನ್‌ವಿಡಿಯಾ 2010ರಲ್ಲಿ ಆಪ್ಟಿಮಸ್ ಅನ್ನೋ ವ್ಯವಸ್ಥೆ ತಂದಿತು. ಇದರಲ್ಲಿ ಪರದೆಗೆ ವೈರ್ ಹೋಗಿರೋದು ಒಳಗಿನ ಗ್ರಾಫಿಕ್ಸಿನಿಂದ. ಆರ್‌ಟಿಎಕ್ಸ್ ಚಿತ್ರ ಬಿಡಿಸಿ ಅದನ್ನು ಒಳಗಿನ ಗ್ರಾಫಿಕ್ಸಿಗೆ ಕಳಿಸಬೇಕು, ಅದು ಪರದೆಗೆ ತೋರಿಸಬೇಕು. ಬ್ಯಾಟರಿಗೆ ಇದು ತುಂಬಾ ಒಳ್ಳೇದು, ಆದರೆ ಗೇಮಲ್ಲಿ ಒಂದಷ್ಟು ಫ್ರೇಮ್ ದಾರಿಯಲ್ಲೇ ಉದುರುತ್ತವೆ. 144 ಹರ್ಟ್ಜ್ ಪರದೆಯಲ್ಲಿ ಫಾಸ್ಟ್ ಗೇಮ್ ಆಡೋರಿಗೆ ಇದು ಗೊತ್ತಾಗುತ್ತದೆ. ಮಕ್ಸ್ ಸ್ವಿಚ್ ಇದ್ದರೆ ಗೇಮ್ ಟೈಮಲ್ಲಿ ಆರ್‌ಟಿಎಕ್ಸನ್ನು ನೇರವಾಗಿ ಪರದೆಗೆ ಸೇರಿಸಬಹುದು, ಕ್ಲಾಸಿಗೆ ಹೋಗುವಾಗ ವಾಪಸ್ ಆಪ್ಟಿಮಸ್‌ನ ಹೈಬ್ರಿಡ್‌ಗೆ ಹಾಕಬಹುದು. ಕೆಲವಕ್ಕೆ ರೀಸ್ಟಾರ್ಟ್ ಮಾಡಬೇಕು, ಅಡ್ವಾನ್ಸ್ಡ್ ಆಪ್ಟಿಮಸ್ ಇದ್ದರೆ ಅದೂ ಬೇಡ. ಆಯ್ಕೆ ಇರೋದು ಕಂಪನಿಯ ಆ್ಯಪಲ್ಲಿ, ಆಸುಸ್ ಆದರೆ ಆರ್ಮರಿ ಕ್ರೇಟ್, ಲೆನೊವೊ ಆದರೆ ವ್ಯಾಂಟೇಜ್, ಎಚ್‌ಪಿ ಆದರೆ ಒಮೆನ್ ಗೇಮಿಂಗ್ ಹಬ್.

ಅಂಗಡಿಯಲ್ಲಿ ನಿಂತಾಗ ಬಾಯಿಮಾತು ನಂಬಬೇಡಿ. ಡೆಮೊ ಪೀಸ್ ಆನ್ ಮಾಡಿಸಿ, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ, ಅದರಲ್ಲಿ ಪರ್ಫಾರ್ಮೆನ್ಸ್‌ಗೆ ಹೋಗಿ. ಎಡಗಡೆ ಪಟ್ಟಿಯ ಕೆಳಗೆ ಜಿಪಿಯು 0, ಜಿಪಿಯು 1 (ಜಿಪಿಯು ಅಂದರೆ ಗ್ರಾಫಿಕ್ಸ್ ಚಿಪ್) ಅಂತ ಎರಡು ಕಂಡರೆ ಎರಡೂ ಇವೆ, ಸಾಮಾನ್ಯವಾಗಿ 0 ಅಂದರೆ ಒಳಗಿನದು. ಆರ್‌ಟಿಎಕ್ಸ್ ಒಂದೇ ಕಂಡರೆ ಒಂದೋ ಪ್ರೊಸೆಸರಲ್ಲಿ ಗ್ರಾಫಿಕ್ಸ್ ಇಲ್ಲ, ಇಲ್ಲವೇ ಮಕ್ಸ್ ಸ್ವಿಚ್ ಆರ್‌ಟಿಎಕ್ಸ್ ಕಡೆ ಇದೆ. ಪ್ರೊಸೆಸರ್ ಹೆಸರು ಅಲ್ಲೇ ಸಿಪಿಯು ಪುಟದಲ್ಲಿ ಇರುತ್ತದೆ, ಫೋನಲ್ಲಿ ಹುಡುಕಿ ನೋಡಿ.

ಈಗ ಆರ್‌ಟಿಎಕ್ಸ್ ಮೇಲೆ ಕ್ಲಿಕ್ ಮಾಡಿ, ಕೆಳಗೆ ಮೆಮೊರಿ ಲೆಕ್ಕ ನೋಡಿ. 16 ಜಿಬಿ ರ‍್ಯಾಮ್ ಇರೋ ಆರ್‌ಟಿಎಕ್ಸ್ 4050 ಲ್ಯಾಪ್‌ಟಾಪಲ್ಲಿ ಡೆಡಿಕೇಟೆಡ್ 6 ಜಿಬಿ, ಶೇರ್ಡ್ ಸುಮಾರು 7.8 ಜಿಬಿ, ಒಟ್ಟು 13.8 ಅಂತ ಕಾಣುತ್ತದೆ. "14 ಜಿಬಿ ಗ್ರಾಫಿಕ್ಸ್ ಸಾರ್" ಅನ್ನೋ ಮಾತು ಹುಟ್ಟೋದು ಇಲ್ಲೇ. ಶೇರ್ಡ್ ಅಂದರೆ ರ‍್ಯಾಮಿನ ಅರ್ಧದಷ್ಟು ಜಾಗ, ಬೇಕಾದರೆ ಬಳಸಿಕೋ ಅಂತ ವಿಂಡೋಸ್ ಬಿಟ್ಟುಕೊಟ್ಟಿರೋದು. ಅದು ಕಾರ್ಡಿನ ಮೆಮೊರಿಗಿಂತ ಎಷ್ಟೋ ನಿಧಾನ, ಗೇಮ್ ಅಲ್ಲಿಗೆ ಇಳಿಯಿತು ಅಂದರೆ ತಡವರಿಸೋಕೆ ಶುರು. ನೀವು ನೋಡಬೇಕಾದ್ದು ಡೆಡಿಕೇಟೆಡ್ ಒಂದೇ. ಲ್ಯಾಪ್‌ಟಾಪಿನ 4060, 4070, 5050, 5060, 5070 ಎಲ್ಲಕ್ಕೂ 8 ಜಿಬಿ, 12 ಬೇಕಂದರೆ 4080 ಅಥವಾ 5070 ಟಿಐಗೆ ಹೋಗಬೇಕು. ಹಳೇ 3050ರ 4 ಜಿಬಿ ಮಾಡೆಲ್ ಈಗ ಎಷ್ಟೇ ಅಗ್ಗಕ್ಕೆ ಕೊಟ್ಟರೂ ನಾನು ತಗೊಳ್ಳೋದಿಲ್ಲ.

ಇನ್ನು ವ್ಯಾಟ್, ಅಂದರೆ ಕಾರ್ಡಿಗೆ ಸಿಗೋ ಪವರ್. ಸಣ್ಣ ಗ್ರಾಫಿಕ್ಸ್ ಇದೆಯೋ ಇಲ್ಲವೋ ಅನ್ನೋದಕ್ಕಿಂತ ಗೇಮಿಗೆ ಜಾಸ್ತಿ ಮುಖ್ಯ ಇದೇ, ಆದರೆ ಡಬ್ಬದ ಮೇಲೆ ಸಾಮಾನ್ಯವಾಗಿ ಕಾಣೋದಿಲ್ಲ. ಲ್ಯಾಪ್‌ಟಾಪಿನ 4060ಗೆ ಕಂಪನಿಯವರು 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಎಷ್ಟು ಬೇಕಾದರೂ ಕೊಡಬಹುದು. ಹೆಸರು ಅದೇ, ಸ್ಟಿಕ್ಕರ್ ಅದೇ, ಆಟ ಬೇರೆ. ತೆಳ್ಳಗಿನ ಬಾಡಿಯಲ್ಲಿ ಕಡಿಮೆ ವ್ಯಾಟಿಗೆ ಕಟ್ಟಿಹಾಕಿದ 4070ಗಿಂತ ಪೂರ್ತಿ ವ್ಯಾಟಿನ 4060 ಮುಂದೆ ಹೋಗಬಹುದು. ನೋಡೋದು ಹೇಗೆ? ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆರೆದು ಸಿಸ್ಟಮ್ ಇನ್ಫರ್ಮೇಶನ್ ಒತ್ತಿ, ಅಲ್ಲಿ ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್ ಅಂತ ಒಂದು ಸಾಲು ಇರುತ್ತದೆ. ಆ ಸಂಖ್ಯೆಯ ಫೋಟೋ ಹೊಡ್ಕೊಳ್ಳಿ. ಆನ್‌ಲೈನಲ್ಲಿ ತಗೊಳ್ಳೋರು ಕಂಪನಿಯ ಸೈಟಲ್ಲಿ ನಿಮ್ಮ ಮಾಡೆಲ್ ನಂಬರಿನ ಪೂರ್ತಿ ವಿವರ ಹುಡುಕಿ ಟಿಜಿಪಿ (ಅದೇ ಈ ವ್ಯಾಟ್) ಎಷ್ಟು ಅಂತ ನೋಡಬೇಕು, ಕೊನೇ ಎರಡು ಅಕ್ಷರ ಬದಲಾದರೂ ವ್ಯಾಟ್ ಬದಲಾಗಿರಬಹುದು.

ವ್ಯಾಟ್ ಜಾಸ್ತಿ ಅಂದರೆ ಬಿಸಿಯೂ ಜಾಸ್ತಿ. ಏಪ್ರಿಲ್ ತಿಂಗಳ ಮಧ್ಯಾಹ್ನ ತಾರಸಿ ಮನೆಯ ಮೇಲಿನ ರೂಮಲ್ಲಿ, ಹಾಸಿಗೆ ಮೇಲಿಟ್ಟು ಆಡಿದರೆ ಯಾವ ಕಾರ್ಡೂ ಪೂರ್ತಿ ಓಡೋದಿಲ್ಲ. ಕೆಳಗಿನ ಗಾಳಿ ಕಿಂಡಿ ಬೆಡ್‌ಶೀಟಿಗೆ ಮುಚ್ಚಿರುತ್ತದೆ, ಅದು ತನ್ನನ್ನು ಉಳಿಸಿಕೊಳ್ಳೋಕೆ ಸ್ಪೀಡ್ ಇಳಿಸುತ್ತದೆ. ಒಂದು ಹಲಗೆ ಇಟ್ಟರೂ ಸಾಕು, ಕೂಲಿಂಗ್ ಪ್ಯಾಡ್ ಆಮೇಲೆ ನೋಡೋಣ.

ಕರೆಂಟ್ ಹೋದಾಗ ಏನಾಗುತ್ತದೆ ಅನ್ನೋದೂ ಗೊತ್ತಿರಲಿ. ಲ್ಯಾಪ್‌ಟಾಪ್ ಆಫ್ ಆಗೋದಿಲ್ಲ, ಆದರೆ ಬ್ಯಾಟರಿ ಅಷ್ಟು ವ್ಯಾಟನ್ನು ಕೊಡಲಾರದು, ಫ್ರೇಮ್ ದಬಕ್ ಅಂತ ಇಳಿಯುತ್ತದೆ. ಮನೆಯ ಇನ್ವರ್ಟರ್ ಲೈನಲ್ಲಿ ಇದ್ದರೆ ಓಡುತ್ತದೆ, ಆದರೆ 230 ವ್ಯಾಟ್ ಅಡಾಪ್ಟರ್ ಅಂದರೆ ಹಳೇ 75 ವ್ಯಾಟ್ ಸೀಲಿಂಗ್ ಫ್ಯಾನ್ ಮೂರು ಒಟ್ಟಿಗೆ ಹಾಕಿದ ಲೋಡು, ಮನೆಯವರು ಬೈಯ್ಯೋದು ಗ್ಯಾರಂಟಿ.

ತಂದ ಮೇಲೆ ಮಾಡಬೇಕಾದ ಕೆಲಸ ಸ್ವಲ್ಪವೇ. ಗೇಮ್ ಹಾಕಿ, ಫ್ರೇಮ್ ಬರುತ್ತಿಲ್ಲ ಅನ್ನಿಸಿದರೆ ಅಂಗಡಿಗೆ ಓಡೋ ಮುಂಚೆ ಟಾಸ್ಕ್ ಮ್ಯಾನೇಜರಲ್ಲಿ ಯಾವ ಜಿಪಿಯು ದುಡಿಯುತ್ತಿದೆ ನೋಡಿ. ಎಷ್ಟೋ ಸಲ ಒಳಗಿನ ಗ್ರಾಫಿಕ್ಸ್ ಒಂದೇ ಒದ್ದಾಡುತ್ತಿರುತ್ತದೆ, ಆರ್‌ಟಿಎಕ್ಸ್ 0 ಪರ್ಸೆಂಟಲ್ಲಿ ಮಲಗಿರುತ್ತದೆ. ಸೆಟ್ಟಿಂಗ್ಸಲ್ಲಿ ಸಿಸ್ಟಮ್, ಅಲ್ಲಿ ಡಿಸ್‌ಪ್ಲೇ, ಅದರೊಳಗೆ ಗ್ರಾಫಿಕ್ಸ್‌ಗೆ ಹೋಗಿ ಆ ಗೇಮನ್ನು ಪಟ್ಟಿಗೆ ಸೇರಿಸಿ ಹೈ ಪರ್ಫಾರ್ಮೆನ್ಸ್ ಅಂತ ಆರಿಸಿ. ಬ್ರೌಸರನ್ನು ಅಲ್ಲೇ ಪವರ್ ಸೇವಿಂಗ್‌ಗೆ ಹಾಕಿದರೆ ಕ್ಲಾಸಲ್ಲಿ ಬ್ಯಾಟರಿ ಇನ್ನೊಂದಿಷ್ಟು ಹೊತ್ತು ಬರುತ್ತದೆ.

ಮಕ್ಸ್ ಇಲ್ಲದ ಲ್ಯಾಪ್‌ಟಾಪ್ ಈಗಾಗಲೇ ಕೈಯಲ್ಲಿ ಇರೋರು ಬೇಜಾರು ಮಾಡ್ಕೋಬೇಡಿ. ಸುಮಾರು ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಎಚ್‌ಡಿಎಂಐ ಪೋರ್ಟ್ ನೇರವಾಗಿ ಆರ್‌ಟಿಎಕ್ಸಿಗೇ ಸೇರಿರುತ್ತದೆ. ಮನೆಯಲ್ಲಿ ಮಾನಿಟರ್ ಇದ್ದರೆ ಅದಕ್ಕೆ ಚುಚ್ಚಿ ಅದರಲ್ಲೇ ಆಡಿ, ಲ್ಯಾಪ್‌ಟಾಪಿನ ಪರದೆ ಆಫ್ ಮಾಡಿಬಿಡಿ. ಕೇಬಲ್ ಎಲ್ಲಿಗೆ ಸೇರಿದೆ ಅಂತ ನೋಡೋಕೆ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲಲ್ಲಿ ಫಿಸ್‌ಎಕ್ಸ್ ಪುಟ ತೆರೆಯಿರಿ, ಯಾವ ಡಿಸ್‌ಪ್ಲೇ ಯಾವ ಗ್ರಾಫಿಕ್ಸಿಗೆ ಸೇರಿದೆ ಅನ್ನೋದನ್ನು ಚಿತ್ರ ಬಿಡಿಸಿ ತೋರಿಸಿರುತ್ತದೆ.