ಕಾಲಿನ ನರ ಕೆಂಪಾಗಿ ಗಟ್ಟಿಯಾದರೆ ನೀವದಿರಿ, ಮೊದಲು ಸ್ಕ್ಯಾನ್ ಮಾಡಿಸಿ

ಮೀನಖಂಡದ ಒಳಬದಿಯಲ್ಲೋ, ಮಂಡಿಯ ಪಕ್ಕದಲ್ಲೋ ಒಂದು ನರ ದಿಢೀರನೆ ಕೆಂಪಾಗುತ್ತದೆ. ಮುಟ್ಟಿದರೆ ಬಿಸಿ, ಒತ್ತಿದರೆ ನೋವು. ಚರ್ಮದ ಕೆಳಗೆ ಹುರಿಹಗ್ಗದಂತೆ ಗಟ್ಟಿಯಾಗಿ ಕೈಗೆ ಸಿಗುತ್ತದೆ. ಚರ್ಮದ ಹತ್ತಿರವೇ ಇರುವ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಬಾತುಕೊಂಡಾಗ ಹೀಗಾಗುತ್ತದೆ. ವೈದ್ಯರು ಇದನ್ನು ಸೂಪರ್‌ಫಿಶಿಯಲ್ ಥ್ರಾಂಬೋಫ್ಲೆಬೈಟಿಸ್ ಎನ್ನುತ್ತಾರೆ.

ನಮ್ಮಲ್ಲಿ ಆಗ ನಡೆಯುವುದು ಎರಡೇ. ಒಂದೋ ಎಣ್ಣೆ ಹಚ್ಚಿ ಜೋರಾಗಿ ನೀವುತ್ತಾರೆ, ಇಲ್ಲವೇ ಮೆಡಿಕಲ್ ಶಾಪ್‌ಗೆ ಹೋಗಿ ಆಂಟಿಬಯಾಟಿಕ್ ತಂದು ನುಂಗುತ್ತಾರೆ. ಎರಡೂ ಬೇಡ. ಹೆಪ್ಪು ಇರುವ ನಾಳವನ್ನು ತಿಕ್ಕುವುದು ಅಪಾಯ. ಇನ್ನು ಆಂಟಿಬಯಾಟಿಕ್, ಇಲ್ಲಿ ಕ್ರಿಮಿಯೇ ಇಲ್ಲದಿರುವಾಗ ಅದು ಕೊಲ್ಲುವುದಾದರೂ ಏನನ್ನು? ಕೀವು ತುಂಬಿದ್ದರೆ, ಜ್ವರ ಬಂದಿದ್ದರೆ ಆ ಮಾತು ಬೇರೆ.

ಕಾಲಲ್ಲಿ ಇದು ಬರುವವರಲ್ಲಿ ಹೆಚ್ಚಿನವರಿಗೆ ಮೊದಲೇ ವೆರಿಕೋಸ್ ವೇನ್ಸ್ ಇರುತ್ತದೆ. ಉಬ್ಬಿ ಸುರುಳಿಯಾದ ನಾಳದಲ್ಲಿ ರಕ್ತ ಸರಾಗವಾಗಿ ಮೇಲೆ ಹತ್ತುವುದಿಲ್ಲ, ನಿಂತಲ್ಲೇ ನಿಲ್ಲುತ್ತದೆ, ನಿಂತ ರಕ್ತ ಹೆಪ್ಪಾಗುತ್ತದೆ. ಅದರ ಮೇಲೆ ಗರ್ಭಧಾರಣೆ, ಆಪರೇಷನ್, ಕಾಲಿಗೆ ಪ್ಲಾಸ್ಟರ್, ಈಸ್ಟ್ರೊಜೆನ್ ಇರುವ ಮಾತ್ರೆ, ಬೊಜ್ಜು, ಕ್ಯಾನ್ಸರ್, ಹಿಂದೆ ಎಲ್ಲಾದರೂ ರಕ್ತ ಹೆಪ್ಪುಗಟ್ಟಿದ್ದು, ಇವುಗಳಲ್ಲಿ ಯಾವುದು ಸೇರಿದರೂ ಸಾಧ್ಯತೆ ಜಾಸ್ತಿ. ಬಾಣಂತಿಯರ ಬಗ್ಗೆ ಒಂದು ಮಾತು ಹೇಳಲೇಬೇಕು. ಹೆರಿಗೆಯಾದ ಮೊದಲ ಆರು ವಾರ ಹೆಪ್ಪುಗಟ್ಟುವ ಅಪಾಯ ಹೆಚ್ಚಿರುವ ಕಾಲ. ನಾವೋ ಅದೇ ಆರು ವಾರ ಅವರನ್ನು ಹಾಸಿಗೆ ಬಿಟ್ಟು ಏಳಗೊಡುವುದಿಲ್ಲ! ಮನೆಯೊಳಗೆ ಓಡಾಡಲು ಬಿಡಿ. ನರ ಕೆಂಪಾಗಿದ್ದರೆ ಆ ಕಾಲಿಗೆ ಎಣ್ಣೆ ನೀವುವುದನ್ನು ನಿಲ್ಲಿಸಿ.

ಮೊದಲು ನೋಡಬೇಕಾದ್ದು

ಉಸಿರಾಡಲು ಕಷ್ಟ, ಎದೆನೋವು, ಕೆಮ್ಮಿದರೆ ರಕ್ತ, ತಲೆ ಸುತ್ತಿ ಬೀಳುವುದು, ಇವುಗಳಲ್ಲಿ ಯಾವುದಿದ್ದರೂ ಹೆಪ್ಪಿನ ಚೂರು ಶ್ವಾಸಕೋಶಕ್ಕೆ ಹೋಗಿರಬಹುದು. ತಕ್ಷಣ 108ಕ್ಕೆ ಫೋನ್ ಮಾಡಿ. ಇಡೀ ಕಾಲು ಊದಿಕೊಂಡಿದ್ದರೆ, ಕೆಂಪು ತೊಡೆಸಂದಿನ ಕಡೆಗೆ ಏರುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಇದ್ಯಾವುದೂ ಇಲ್ಲದಿದ್ದರೂ ಒಂದೆರಡು ದಿನದಲ್ಲಿ ವೈದ್ಯರನ್ನು ಕಂಡು ಡಾಪ್ಲರ್ ಸ್ಕ್ಯಾನ್ (ರಕ್ತನಾಳದ ಅಲ್ಟ್ರಾಸೌಂಡ್) ಬೇಕಾ ಎಂದು ನೀವೇ ಕೇಳಿ.

ಸ್ಕ್ಯಾನ್ ಬಗ್ಗೆ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಇದು ಮೇಲಿನ ನರದ ತೊಂದರೆ, ತಾನಾಗೇ ಹೋಗುತ್ತೆ ಎಂದು ಬಹಳ ವರ್ಷ ಎಲ್ಲರೂ ನಂಬಿದ್ದರು. ಆದರೆ ಸ್ಕ್ಯಾನ್ ಮಾಡಿ ನೋಡಿದಾಗ ಹೆಚ್ಚುಕಡಿಮೆ ಐದರಲ್ಲಿ ಒಬ್ಬರಿಗೆ ಆಳದ ರಕ್ತನಾಳದಲ್ಲೂ ಹೆಪ್ಪು ಇರುತ್ತದೆ. ಅದು ಡಿವಿಟಿ. ಹೊರಗೆ ಕಾಣುವ ಕೆಂಪಿಗಿಂತ ಒಳಗಿನ ಹೆಪ್ಪು ಎಷ್ಟೋ ಸಲ ಉದ್ದವಿರುತ್ತದೆ, ಹಾಗಾಗಿ ಕಣ್ಣಳತೆ ನಂಬುವಂತಿಲ್ಲ.

ರಿಪೋರ್ಟ್‌ನಲ್ಲಿ ಎರಡು ಅಳತೆ ಹುಡುಕಿ

ಕಣಕಾಲಿನ ಒಳಬದಿಯಿಂದ ಹೊರಟು ತೊಡೆಸಂದಿನವರೆಗೆ ಹೋಗುವ ಉದ್ದನೆಯ ನಾಳವೊಂದಿದೆ, ಗ್ರೇಟ್ ಸಫೀನಸ್ ವೇನ್. ಹೆಪ್ಪು ಹೆಚ್ಚಾಗಿ ಇದರಲ್ಲಿ ಅಥವಾ ಇದರ ಕವಲುಗಳಲ್ಲಿ ಆಗುತ್ತದೆ. ತೊಡೆಸಂದಿನಲ್ಲಿ ಇದು ಆಳದ ದೊಡ್ಡ ನಾಳಕ್ಕೆ ಸೇರುತ್ತದೆ. ಹೆಪ್ಪು ಎಷ್ಟು ಉದ್ದವಿದೆ, ಆ ಕೂಡುವ ಜಾಗದಿಂದ ಎಷ್ಟು ದೂರದಲ್ಲಿದೆ, ಚಿಕಿತ್ಸೆ ನಿಂತಿರುವುದು ಈ ಎರಡರ ಮೇಲೆ. ಬರೆದಿಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಇನ್ನೊಂದು ಎಚ್ಚರ: ಹಳೆಯ ರೂಢಿಯಂತೆ ಕೆಲವು ರಿಪೋರ್ಟ್‌ಗಳಲ್ಲಿ ಸೂಪರ್‌ಫಿಶಿಯಲ್ ಫೆಮೊರಲ್ ವೇನ್ ಎಂದಿರುತ್ತದೆ. ಹೆಸರು ಹಾಗಿದ್ದರೂ ಅದು ಆಳದ ನಾಳವೇ. ಅದರಲ್ಲಿ ಹೆಪ್ಪು ಇದೆ ಎಂದರೆ ಡಿವಿಟಿ ಇದೆ ಎಂದೇ ಲೆಕ್ಕ.

ನಾಳಗಳು ಕೂಡುವ ಆ ಜಾಗದಿಂದ ಹೆಪ್ಪು 3 ಸೆಂ.ಮೀ. ಒಳಗಿದ್ದರೆ ಡಿವಿಟಿಗೆ ಕೊಡುವಂತೆಯೇ ಪೂರ್ಣ ಪ್ರಮಾಣದ ರಕ್ತ ತೆಳುವಾಗಿಸುವ ಔಷಧ, ಸಾಮಾನ್ಯವಾಗಿ 3 ತಿಂಗಳು. ಅಲ್ಲಿಂದ ದೂರವಿದ್ದು 5 ಸೆಂ.ಮೀ. ಅಥವಾ ಹೆಚ್ಚು ಉದ್ದವಿದ್ದರೆ ಕಡಿಮೆ ಪ್ರಮಾಣದಲ್ಲಿ 45 ದಿನ. 2010ರಲ್ಲಿ ಪ್ರಕಟವಾದ ಕ್ಯಾಲಿಸ್ಟೊ ಅಧ್ಯಯನದಲ್ಲಿ ಸುಮಾರು 3,000 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ದಿನಕ್ಕೊಂದು ಫಾಂಡಾಪರಿನಕ್ಸ್ 2.5 ಮಿ.ಗ್ರಾಂ. ಇಂಜೆಕ್ಷನ್ ಕೊಟ್ಟರು. ಹೆಪ್ಪು ಬೆಳೆಯುವುದು, ಮರುಕಳಿಸುವುದು, ಆಳದ ನಾಳಕ್ಕೋ ಶ್ವಾಸಕೋಶಕ್ಕೋ ಹೋಗುವುದು ಇಂಥ ತೊಂದರೆಗಳು ಔಷಧವಿಲ್ಲದವರಲ್ಲಿ 5.9% ಇದ್ದರೆ, ಔಷಧ ಪಡೆದವರಲ್ಲಿ 0.9% ಮಾತ್ರ. ಇಂಜೆಕ್ಷನ್ ಬೇಡವೆನ್ನುವವರಿಗೆ ರಿವರೊಕ್ಸಬಾನ್ ಮಾತ್ರೆಯೂ ಇದೆ, ಆದರೆ ಗರ್ಭಿಣಿಯರಿಗೆ, ಹಾಲುಣಿಸುವವರಿಗೆ ಅದು ಸಲ್ಲದು. ಅವರಿಗೆ ಹೆಪಾರಿನ್ ಜಾತಿಯ ಇಂಜೆಕ್ಷನ್ ಕೊಡುತ್ತಾರೆ. ಕಿಡ್ನಿ ತೊಂದರೆ ಇದ್ದರೆ ಮೊದಲೇ ವೈದ್ಯರಿಗೆ ಹೇಳಿ.

ಸಣ್ಣ ಹೆಪ್ಪು, ಬೇರೆ ಅಪಾಯ ಏನೂ ಇಲ್ಲ ಎಂದಾದರೆ ನೋವಿನ ಮಾತ್ರೆ ಅಥವಾ ಜೆಲ್ ಸಾಕು. ಏಳೆಂಟು ದಿನ ಬಿಟ್ಟು ಹೆಪ್ಪು ಮೇಲೇರಿಲ್ಲ ಎಂದು ಇನ್ನೊಮ್ಮೆ ಸ್ಕ್ಯಾನ್‌ನಲ್ಲಿ ನೋಡಿಸಿಕೊಳ್ಳಿ.

ಮನೆಯಲ್ಲಿ ಏನು ಮಾಡಬಹುದು

ನಡೆಯಿರಿ. ಮಲಗಿಯೇ ಇರಬೇಡಿ. ಕೂತಾಗ, ಮಲಗಿದಾಗ ಕಾಲಿಗೆ ದಿಂಬು ಕೊಟ್ಟು ಎತ್ತರದಲ್ಲಿಡಿ. ಹಿತವೆನಿಸಿದರೆ ಬೆಚ್ಚಗಿನ ಬಟ್ಟೆಯ ಶಾಖ ಕೊಡಿ. ಒತ್ತಡದ ಸ್ಟಾಕಿಂಗ್ಸ್ ಬಹಳ ಆರಾಮ ಕೊಡುತ್ತದೆ, ಬೆಳಗ್ಗೆ ಹಾಸಿಗೆಯಿಂದ ಇಳಿಯುವ ಮೊದಲೇ ಹಾಕಿಕೊಳ್ಳಬೇಕು. ಆದರೆ ಶುಗರ್ ಇರುವವರು, ಬೀಡಿ ಸಿಗರೇಟ್ ಸೇದುವವರು ಪಾದದ ನಾಡಿ ಪರೀಕ್ಷೆ ಮಾಡಿಸಿಕೊಳ್ಳದೆ ಅದನ್ನು ಹಾಕಲೇಬಾರದು. ಕಾಲಿಗೆ ಮೊದಲೇ ರಕ್ತ ಸರಿಯಾಗಿ ಬಾರದಿದ್ದರೆ ಈ ಬಿಗಿತ ಅದನ್ನೂ ತಡೆದೀತು. ರಕ್ತ ತೆಳುವಾಗಿಸುವ ಔಷಧದ ಜೊತೆ ವೈದ್ಯರನ್ನು ಕೇಳದೆ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ನುಂಗಬೇಡಿ, ಹೊಟ್ಟೆಯಲ್ಲಿ ರಕ್ತಸ್ರಾವವಾದೀತು.

ಎರಡು ಮೂರು ವಾರದಲ್ಲಿ ನೋವು ಇಳಿಯುತ್ತದೆ. ಗಂಟು ಮಾತ್ರ ತಿಂಗಳುಗಟ್ಟಲೆ ಕೈಗೆ ಸಿಗಬಹುದು, ಚರ್ಮದ ಮೇಲೆ ಕಂದು ಕಲೆ ಉಳಿಯಬಹುದು. ಅದಕ್ಕೆ ಗಾಬರಿ ಬೇಡ. ಉರಿಯೂತ ಪೂರ್ತಿ ಇಳಿದ ಮೇಲೆ, ಸಾಮಾನ್ಯವಾಗಿ 3 ತಿಂಗಳಾದ ಮೇಲೆ, ವೆರಿಕೋಸ್ ವೇನ್ಸ್‌ಗೆ ಲೇಸರ್ ಅಥವಾ ರೇಡಿಯೊಫ್ರೀಕ್ವೆನ್ಸಿ ಚಿಕಿತ್ಸೆ ಬೇಕಾ ಎಂದು ರಕ್ತನಾಳದ ಸರ್ಜನ್ ಹತ್ತಿರ ಕೇಳಿ. ಮೂಲ ಹಾಗೇ ಉಳಿದರೆ ಮತ್ತೆ ಬರುತ್ತದೆ.

ವೆರಿಕೋಸ್ ವೇನ್ಸ್ ಇಲ್ಲವೇ ಇಲ್ಲ, ಆದರೂ ಒಮ್ಮೆ ಇಲ್ಲಿ ಒಮ್ಮೆ ಅಲ್ಲಿ ನರ ಕೆಂಪಾಗುತ್ತಲೇ ಇದೆ ಎಂದರೆ ಹುಡುಕಾಟ ಬೇರೆ ದಿಕ್ಕಿಗೆ ಹೋಗಬೇಕು. ದೇಹದಲ್ಲಿ ಎಲ್ಲಾದರೂ ಕ್ಯಾನ್ಸರ್ ಇದೆಯೇ, ರಕ್ತ ಬೇಗ ಹೆಪ್ಪುಗಟ್ಟುವ ಗುಣ ಮನೆತನದಲ್ಲಿದೆಯೇ ಎಂದು ನೋಡುತ್ತಾರೆ. ಬೀಡಿ ಸೇದುವ ಚಿಕ್ಕ ವಯಸ್ಸಿನವರಾದರೆ ಬರ್ಗರ್ಸ್ ಕಾಯಿಲೆಯ ಅನುಮಾನ ಬರುತ್ತದೆ. ಅದರಲ್ಲಿ ಬೆರಳುಗಳಿಗೆ ರಕ್ತ ಹೋಗುವುದೇ ನಿಲ್ಲುತ್ತಾ ಬರುತ್ತದೆ, ತಂಬಾಕನ್ನು ಪೂರ್ತಿಯಾಗಿ ಬಿಡದೆ ಬೇರೆ ಯಾವ ಔಷಧವೂ ಅದನ್ನು ತಡೆಯುವುದಿಲ್ಲ.